ದೇವರನ್ನು ತಟ್ಟಿ ನೋಡಿದ ಮೇಸ್ತ್ರಿ

ನಮ್ಮ ಬೀದಿಯ ಗಾರೆ ಮೇಸ್ತ್ರಿಗೆ ತಟ್ಟಣ್ಣ ಎಂಬ ಬಿರುದನ್ನು ಯಾವ ಮಹಾರಾಜನೂ ಕೊಟ್ಟದ್ದಲ್ಲ. ಅವನ ಪುಟ್ಟ ಸುತ್ತಿಗೆಯೇ ಗೆದ್ದು ತಂದದ್ದು. ಹಳೆಯ ಗೋಡೆಗಳನ್ನು ತಟ್ಟಿ, ಕಿವಿಗೊಟ್ಟು, ಗಾರೆ ಎಲ್ಲಿ ಇಟ್ಟಿಗೆಯ ಕೈ ಬಿಟ್ಟಿದೆ ಎಂದು ಹೇಳುವುದು ಅವನ ಕಸುಬು. ಮದುವೆಯ ಮಾತುಕತೆಗೆ ಹೋದಾಗಲೂ ಮೊದಲು ಮಾವನ ಮನೆಯ ಗೋಡೆ ತಟ್ಟಿದ್ದನಂತೆ. ಗೋಡೆ ಟೊಳ್ಳು, ಹುಡುಗಿ ಗಟ್ಟಿ ಎಂದು ತೀರ್ಪು ಕೊಟ್ಟು ಮದುವೆಯಾದ.

ಆ ಗಟ್ಟಿ ಹೆಂಡತಿಗೆ ಮರುದಿನ ಬೆಳಿಗ್ಗೆ ಹೃದಯದ ಆಪರೇಷನ್. ಆಸ್ಪತ್ರೆಯ ಮಂಚದಿಂದ ಅವಳು ಕೇಳಿದ್ದು ಒಂದೇ.

"ರೀ, ನಂಗೋಸ್ಕರ ದೇವರನ್ನ ಬೇಡ್ಕೊಳ್ಳಿ. ಬಾಯಿಮಾತಿಗೆ ಬೇಡ. ನಾಳೆ ನಿಮ್ಮ ಮುಖ ನೋಡಿದ್ರೇ ನಂಗೆ ಗೊತ್ತಾಗುತ್ತೆ."

ತಟ್ಟಣ್ಣನಿಗೆ ಪೇಚಾಟ ಶುರುವಾಯಿತು. ದೇವರೂ ಮೇಲೆ ನುಣುಪಾಗಿ ಒಳಗೆ ಟೊಳ್ಳಿರಬಹುದೆಂಬುದು ಅವನ ಹಳೆಯ ಗುಮಾನಿ. ಸುಳ್ಳು ಹೇಳಿದರೆ ಅವಳು ಹಿಡಿಯುತ್ತಾಳೆ. ನಿಜ ಹೇಳಿದರೆ ಆ ಸುಸ್ತಾದ ಹೃದಯವನ್ನು ಹೊತ್ತು ಒಬ್ಬಳೇ ಒಳಗೆ ಹೋಗುತ್ತಾಳೆ.

ಸಂಜೆ ಮನೆಗೆ ಬಂದಾಗ ಕತ್ತಲು ಮೂಲೆಗಳಲ್ಲಿ ಹೆಪ್ಪುಗಟ್ಟುತ್ತಿತ್ತು. ಹಾಸಿಗೆಯಲ್ಲಿ ಅವಳ ಬದಿ ಸುಕ್ಕಿಲ್ಲದೆ ಬಿದ್ದಿತ್ತು. ಅತ್ತ ನೋಡಲಾರದೆ ತಟ್ಟಣ್ಣ ಸುತ್ತಿಗೆ ಎತ್ತಿಕೊಂಡ. ಮೂರು ಲೋಕ ಗೆಲ್ಲಲು ಹೊರಟ ವೀರನ ಗತ್ತಿನಲ್ಲಿ ಗೋಡೆಗೆ ಎದುರಾಗಿ ನಿಂತು, "ಇದ್ದೀಯಾ? ಇದ್ರೆ ಹೇಳು" ಎಂದು ಎರಡು ಸಲ ತಟ್ಟಿದ.

ಗೋಡೆ ಎರಡು ಸಲ ತಿರುಗಿ ತಟ್ಟಿತು.

ವೀರ ಎರಡು ಹೆಜ್ಜೆ ಹಿಂದೆ ಸರಿದ. ನಲ್ಲಿಯ ಪೈಪಿರಬೇಕು ಎಂದುಕೊಂಡು ಮೂರು ಸಲ ತಟ್ಟಿದ. ಮೂರು ಬಂತು, ಕೊನೆಯದು ಬಹಳ ಮೆಲ್ಲಗೆ. ಸಿಡಿಲಾದರೂ ಬಡಿದಿದ್ದರೆ ಎದೆ ಇಷ್ಟು ಹೊಡೆದುಕೊಳ್ಳುತ್ತಿರಲಿಲ್ಲ. ಇಷ್ಟು ಸಮಾಧಾನವಾಗಿ ಪರೀಕ್ಷೆಗೆ ನಿಂತ ದೇವರು ಬೆಳಿಗ್ಗೆ ಆಪರೇಷನ್ ಟೇಬಲ್ಲಿನ ಮೇಲೆ ಸೇಡು ತೀರಿಸಿಕೊಂಡರೆ?

ಆಗ ನೆನಪಾಯಿತು: ಗೋಡೆಯಾಚೆ ಒಂಟಿಯಾಗಿ ವಾಸಿಸುವ ಟೀಚರಮ್ಮ. ಈ ವಯಸ್ಸಿನಲ್ಲಿ ಎಂಥ ಕುಚೋದ್ಯ ಎಂದು ಬೈಯಲು ಧಾವಿಸಿದ. ಬಾಗಿಲಿಗೆ ಒಳಗಿಂದ ಚಿಲಕ. ಕಿಟಕಿಯಲ್ಲಿ ಇಣುಕಿದರೆ, ಟೀಚರಮ್ಮ ಗೋಡೆಯ ಬದಿ ನೆಲದ ಮೇಲೆ, ಕಾಲಿನ ಮೇಲೆ ಪುಸ್ತಕದ ಬೀರು, ಕೈಯಲ್ಲಿ ಕನ್ನಡಕದ ಡಬ್ಬಿ.

ಬಾಗಿಲು ಒಡೆದು ಬೀರು ಎತ್ತಿದ. ಬೆಳಿಗ್ಗೆಯಿಂದ ಕೂಗಿ ಕೂಗಿ ಅವರ ಗಂಟಲು ಕಟ್ಟಿತ್ತು.

"ಯಾರನ್ನಾದ್ರೂ ಕಳಿಸಪ್ಪಾ ಅಂತಿದ್ದೆ," ಎಂದರು. "ಆಮೇಲೆ, ಕಳಿಸೋನು ಇದ್ದಾನಾ ಅಂತಾನೇ ಅನುಮಾನ ಬಂತು. ಬಂದಿದ್ದು ನೀನು. ಅಂದ್ರೆ ಇದ್ದಾನೆ, ಸ್ವಲ್ಪ ತಮಾಷೆಗಾರ."

"ನಾನು ಬೈಯೋಕೆ ಬಂದಿದ್ದು, ಟೀಚರಮ್ಮ."

"ಬೈಯಪ್ಪಾ. ಮೊದ್ಲು ನೀರು ಕೊಡು."

ಆಂಬುಲೆನ್ಸಿನಲ್ಲಿ ಅವರ ಪಕ್ಕ ಕುಳಿತ ತಟ್ಟಣ್ಣನಿಗೆ ಬೆವರು ಆರಲಿಲ್ಲ. ಕೇಳಿದ್ದು ಪುರಾವೆ, ಸಿಕ್ಕಿದ್ದು ಕೆಲಸ. ಅನುಮಾನ ಪಟ್ಟಿದ್ದಕ್ಕೆ ದೇವರಿಗೆ ಮುನಿಸಿಲ್ಲ. ಅದು ಹಾಗಿರಲಿ, ಮೊದಲು ಪಕ್ಕದ ಮನೆ ನೋಡು ಎಂದು ಅಟ್ಟಿದಂತಿತ್ತು. ಇಂಥವನ ಹತ್ತಿರ ಚೌಕಾಸಿ ನಡೆಯುವುದಿಲ್ಲ. ನಾಳೆ ಹೆಂಡತಿಯನ್ನು ಉಳಿಸಿಕೊಡುವೆನೆಂದು ಅವನು ಮಾತು ಕೊಟ್ಟಿರಲೂ ಇಲ್ಲ. ಆದರೂ ತಟ್ಟಣ್ಣ ಕಣ್ಣು ಮುಚ್ಚಿ ಬೇಡಿಕೊಂಡ.

ಬೆಳಿಗ್ಗೆ ಹೆಂಡತಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ಬೇಡ್ಕೊಂಡ್ರಾ?"

"ಬೇಡ್ಕೊಂಡೆ ಕಣೇ. ಅನುಮಾನ ಪೂರ್ತಿ ಹೋಗಿಲ್ಲ. ಆದ್ರೆ ಅದಕ್ಕೆ ಬೇಜಾರು ಮಾಡ್ಕೊಳ್ಳೋ ಆಸಾಮಿ ಅಲ್ಲ ಅವನು."

"ಅಷ್ಟು ಸಾಕು," ಎಂದು ಅವಳು ಹಿಡಿದಿದ್ದ ಅವನ ಕೈಯನ್ನು ಬಿಟ್ಟಳು.

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿತು. ಮೇಲೆ ಕೆಂಪು ದೀಪ ಹೊತ್ತಿಕೊಂಡಿತು. ತಟ್ಟಣ್ಣನ ಬೆರಳುಗಳು ತಾವಾಗಿಯೇ ಮಡಚಿಕೊಂಡು ಬಾಗಿಲತ್ತ ಹೋದವು. ಅರ್ಧದಲ್ಲೇ ಕೈ ಇಳಿಸಿ, ಬೆಂಚಿನ ಮೇಲೆ ಕುಳಿತು, ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡ.