ಕನ್ನಡಕದವರ ಕಿವಿ

ಕನ್ನಡಕದಂಗಡಿಯ ಯಜಮಾನರಿಗೆ ಇಪ್ಪತ್ತೆಂಟು ವರ್ಷಗಳಿಂದ ಅನ್ನ ಹಾಕುತ್ತಿದ್ದುದು ಊರವರ ಕಣ್ಣು. ಹೆಮ್ಮೆ ಮಾತ್ರ ತಮ್ಮ ಕಿವಿಯ ಮೇಲೆ. ಕಣ್ಣು ಎಲ್ಲರಿಗೂ ಇರುತ್ತದೆ, ಕಿವಿ ಎಂಬುದು ಆ ಬೀದಿಯಲ್ಲಿ ತಮಗೊಬ್ಬರಿಗೇ ಇದೆ ಎಂಬ ಧಾಟಿ ಅವರದು. ಪಕ್ಕದ ಮನೆಯ ಕುಕ್ಕರು ಕೂಗಿದರೂ "ಸ್ವಲ್ಪ ಮೂಗಲ್ಲಿ ಕೂಗ್ತಾ ಇದೆ" ಎಂದು ತೀರ್ಪು ಕೊಡುವರು.

ಅಂಗಡಿಯಲ್ಲಿ ಅವರದೊಂದು ಉಪಾಯವಿತ್ತು. ಗಿರಾಕಿಯನ್ನು ಅಕ್ಷರದ ಹಲಗೆಯ ಎದುರು ಕೂರಿಸಿ, ಗಾಜು ಬದಲಿಸುತ್ತ, "ಇದು ಚೆನ್ನಾಗಿದೆಯಾ? ಇದಾ?" ಎಂದು ಕೇಳುವಾಗ, ನಡುವೆ ಪವರೇ ಇಲ್ಲದ ಬರಿ ಗಾಜೊಂದನ್ನು ತೂರಿಸುವುದು. "ಅಬ್ಬಾ, ಈಗ ಎಷ್ಟು ಸ್ಪಷ್ಟ!" ಎಂದು ಕುಣಿದಾಡಿದವರು ಮೆಟ್ಟಿಲಿಳಿದ ಕೂಡಲೇ, ಫ್ರೇಮು ಒರೆಸುತ್ತ ಕೂತ ಹೆಂಡತಿಯ ಕಡೆ ತಿರುಗಿ, "ಬರಿ ಗಾಜಿನ ಗಿರಾಕಿ!" ಎಂದು ಹೊಟ್ಟೆ ಕುಣಿಸಿ ನಗುವರು. ಆಕೆ ನಗುತ್ತಿರಲಿಲ್ಲ. ನೋಡಿಟ್ಟುಕೊಳ್ಳುತ್ತಿದ್ದರು, ಅಷ್ಟೆ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಇವರ ಕಿವಿಯ ಕೂಸೊಂದು ನಾಲ್ಕು ವರ್ಷಗಳಿಂದ ಬೆಳೆಯುತ್ತಿತ್ತು. ಹಳೆಯ ರೇಡಿಯೋಗಳ ಹೊಟ್ಟೆ ಬಗೆದು ತಂದ ವಾಲ್ವುಗಳಿಂದ ಕಟ್ಟಿದ ಗಿಟಾರ್ ಆಂಪ್ಲಿಫೈಯರು. ಹೆಂಡತಿಯ ಚಪ್ಪಲಿ ಬೀರುವನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗಿ ಅದಕ್ಕೆ ಪೆಟ್ಟಿಗೆ ಮಾಡಿದ್ದರು. ಗಾಂಭೀರ್ಯ ಇರಲೆಂದು, ಕನ್ನಡಕದ ಟ್ರೇಗಳಿಗೆ ಹಾಸುವ ಕೆಂಪು ಮಖಮಲ್ಲನ್ನು ಎರಡು ಮಡಿಕೆ ಮಾಡಿ ಸ್ಪೀಕರಿನ ಮುಖಕ್ಕೆ ಬಿಗಿದಿದ್ದರು. ಇಷ್ಟಾಗಿ ಅವರಿಗೆ ಗಿಟಾರು ಹಿಡಿಯಲೇ ಬರುತ್ತಿರಲಿಲ್ಲ. "ಬೆರಳಿದ್ದವರೆಲ್ಲ ನುಡಿಸ್ತಾರೆ. ನಾದ ಗುರುತಿಸೋರು ಬೇಕಲ್ಲ!" ಎನ್ನುವರು.

ಬೆರಳಿದ್ದವನು ಹೆಂಡತಿಯ ತಮ್ಮ. ಅಂಚೆ ಕಚೇರಿಯಲ್ಲಿ ಕೆಲಸ, ಸಂಜೆ ಗಿಟಾರು. ಅವನು ನುಡಿಸಿ ನೋಡಿ ಹೇಳಿದ: "ಭಾವ, ಕಂಬಳಿ ಹೊದ್ಕೊಂಡು ಹಾಡ್ತಿರೋ ಹಾಗಿದೆ. ಶನಿವಾರ ನಮ್ಮ ನೌಕರರ ಸಂಘದ ವಾರ್ಷಿಕೋತ್ಸವ. ಅಷ್ಟರೊಳಗೆ ಇದು ಗಂಟಲು ಬಿಚ್ಚಿದ್ರೆ ಇದನ್ನೇ ವೇದಿಕೆಗೆ ಒಯ್ತೀನಿ. ಇಲ್ಲಾಂದ್ರೆ ಬೇರೆಯವರದ್ದು ತರ್ತೀನಿ, ಬೇಜಾರು ಮಾಡ್ಕೋಬೇಡಿ."

ವೇದಿಕೆ! ಯಜಮಾನರಿಗೆ ನಿದ್ದೆ ಹಾರಿಹೋಯಿತು. ನಾಲ್ಕು ವರ್ಷ ಮನೆಯವರ ಹೊರತು ಇನ್ನೊಬ್ಬರು ಕೇಳದ ನಾದವನ್ನು ಮುನ್ನೂರು ಜನ ಕೇಳುವುದೆಂದರೆ? ಆ ವಾರ ಗಿರಾಕಿಗಳು ಕಾದು ಕಾದು ಎದ್ದು ಹೋದರು. ಇವರು ಬೆಸುಗೆಯ ಹೊಗೆಯಲ್ಲಿ ತಲೆ ತೂರಿಸಿ, ಸ್ವರ ತಿದ್ದುವ ಹಳೆಯ ಕಂಡೆನ್ಸರಿನ ಪಕ್ಕದಲ್ಲಿ ಕಿತ್ತಳೆ ಬಣ್ಣದ ಹೊಸದೊಂದನ್ನು ಕೂರಿಸಿ, ಬೇಕಾದಾಗ ಹಳೆಯದರ ಜೊತೆ ಹೊಸದನ್ನೂ ಸೇರಿಸಲು ಒಂದು ಸ್ವಿಚ್ಚು ಹಾಕಿದರು.

ಶುಕ್ರವಾರ ಸಂಜೆ ಪರೀಕ್ಷೆ. ಮೈದುನ ತಂತಿ ಮೀಟಿದ. ಯಜಮಾನರು ಕಣ್ಣು ಮುಚ್ಚಿ ಸ್ವಿಚ್ಚು ಒತ್ತಿದರು.

"ಇದು ಹಳೇದು. ಈಗ... ಹೊಸದು! ಕೇಳಿಸ್ತಾ? ಬೆಣ್ಣೆ! ಮೇಲಿನ ಸ್ವರ ಹೇಗೆ ಅರಳ್ತು ನೋಡು!"

"ಎರಡೂ ಒಂದೇ ಥರ ಇದೆಯಲ್ಲ ಭಾವ?"

"ಕಿವಿ ಬೇಕಪ್ಪಾ, ಕಿವಿ! ನಿಂದು ಸ್ಟಾಂಪಿಗೆ ಮುದ್ರೆ ಒತ್ತೋ ಸದ್ದು ಕೇಳಿ ಕೇಳಿ ಸವೆದುಹೋಗಿದೆ."

ಹೆಂಡತಿ ಪೆಟ್ಟಿಗೆಯ ತೆರೆದ ಬೆನ್ನಿನ ಕಡೆ ಬಗ್ಗಿ ನೋಡುತ್ತಿದ್ದರು.

"ಏಯ್, ಮುಟ್ಬೇಡ! ಮುನ್ನೂರು ವೋಲ್ಟು!"

"ಮುಟ್ತಾ ಇಲ್ಲ, ನೋಡ್ತಾ ಇದೀನಿ. ರೀ, ಈ ಕಿತ್ತಳೆ ಬಣ್ಣದ್ದರ ಒಂದು ಕಾಲು ಎಲ್ಲೂ ಅಂಟೇ ಇಲ್ಲ. ಗಾಳೀಲಿ ನಿಂತಿದೆ." ಬೆನ್ನು ನೇರ ಮಾಡಿ ಸೇರಿಸಿದರು: "ಬರಿ ಗಾಜು ಕಣ್ರೀ."

ಮೈದುನ ಕೆಮ್ಮಿದಂತೆ ಮಾಡಿ ಗೋಡೆಯ ಕಡೆ ತಿರುಗಿದ. ಯಜಮಾನರ ಮುಖ ಮಖಮಲ್ಲಿನ ಬಣ್ಣಕ್ಕೆ ಬಂತು. ಪ್ಲಗ್ಗು ಕಿತ್ತು, ಆ ಕಾಲನ್ನು ಬೆಸೆದು, ಮತ್ತೆ ಹಚ್ಚಿದರು. ಈ ಸಲ ಹೊಸದಕ್ಕೆ ಬದಲಿಸಿದಾಗ ವ್ಯತ್ಯಾಸ ನಿಜವಾಗಿಯೂ ಇತ್ತು. ತಗಡಿನ ಮೇಲೆ ಮೊಳೆ ಗೀಚಿದ ಹಾಗೆ ಕಿರುಚಿತು. ಹಳೆಯದಕ್ಕೆ ತಂದರೆ ಅದೇ ಕಂಬಳಿ.

ಮೈದುನ ಗಿಟಾರನ್ನು ಚೀಲಕ್ಕೆ ಹಾಕತೊಡಗಿದ. ಯಜಮಾನರು ಸ್ಟೂಲಿನ ಮೇಲೆ ಕುಸಿದರು.

"ತಡಿಯೋ," ಎಂದರು ಅಕ್ಕ. "ಕಂಬಳಿ ಕಂಬಳಿ ಅಂತ ಅವತ್ತಿಂದ ನೀನೇ ಹೇಳ್ತಿದೀಯ. ಹೊದಿಸಿರೋದನ್ನ ತೆಗೆದು ನೋಡೋಣ ಅಂತ ಇಬ್ಬರಿಗೂ ಹೊಳೀಲಿಲ್ವಾ?" ಎಂದವರೇ ಮಖಮಲ್ಲಿನ ಅಂಚಿಗೆ ಉಗುರು ಹಾಕಿ ಪರ್ರನೆ ಎಳೆದರು.

ಸ್ವಿಚ್ಚು ಹಳೆಯದರ ಮೇಲೇ ಇತ್ತು. ಮೈದುನ ಒಂದೇ ಒಂದು ತಂತಿ ಮೀಟಿದ. ನಾದ ಕೋಣೆಯ ಮೂಲೆ ಮೂಲೆಗೂ ತುಂಬಿಕೊಂಡಿತು. ಕಪಾಟಿನ ಫ್ರೇಮುಗಳೆಲ್ಲ ಸಣ್ಣಗೆ ಗುಂಯ್‌ಗುಟ್ಟಿದವು. ಯಜಮಾನರು ಧಡಕ್ಕನೆ ಎದ್ದರು.

"ನೋಡಿದ್ಯಾ! ಹೊಸ ಕಂಡೆನ್ಸರು ಒಂದಿಷ್ಟು ಹೊತ್ತು ಪಳಗಬೇಕು. ನಂಗೊತ್ತಿತ್ತು."

ಅಕ್ಕನೂ ತಮ್ಮನೂ ಮುಖ ಮುಖ ನೋಡಿಕೊಂಡರು.

"ನಾಳೆ ಇದೇ ಬರುತ್ತೆ ಭಾವ," ಎಂದ ಮೈದುನ. "ನೀವು ಮಾತ್ರ ಏನೂ ಮುಟ್ಟಬಾರ್ದು."

"ಸ್ವಿಚ್ಚು ನಾನೇ ಒತ್ತೋನು! ಅದಿಲ್ಲದಿದ್ರೆ ಪೆಟ್ಟಿಗೆ ಮನೆ ಬಿಟ್ಟು ಕದಲಲ್ಲ."

ಆ ಕಿರುಚಾಟ ನೆನಪಾಗಿ ಮೈದುನ ಬೇಡವೆನ್ನಲು ಬಾಯಿ ತೆರೆದ. ಅಕ್ಕ ಕಣ್ಣಲ್ಲೇ ಸುಮ್ಮನಿರೆಂದರು. ಮರುದಿನ ಬೆಳಿಗ್ಗೆ ಯಜಮಾನರು ಗಿರಾಕಿಯೊಬ್ಬರಿಗೆ "ಇದು ಚೆನ್ನಾಗಿದೆಯಾ? ಇದಾ?" ಎನ್ನುತ್ತಿದ್ದಾಗ, ಹಿಂದಿನ ಕೋಣೆಯಲ್ಲಿ ಅಕ್ಕ ಟಾರ್ಚು ಹಿಡಿದು ನಿಂತರು, ಮೈದುನ ಆ ಕಿತ್ತಳೆ ಬಣ್ಣದ್ದರ ಕಾಲನ್ನು ಮತ್ತೆ ಗಾಳಿಗೆ ಎತ್ತಿ ನಿಲ್ಲಿಸಿದ.

ಸಂಜೆ ಸಭಾಂಗಣ ತುಂಬಿತ್ತು. ಯಜಮಾನರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ವೇದಿಕೆಯ ಪಕ್ಕದಲ್ಲಿ ಪೆಟ್ಟಿಗೆಗೆ ಅಂಟಿಕೊಂಡು ಕೂತಿದ್ದರು. ಎರಡನೆಯ ಹಾಡಿನ ನಡುವೆ, ಪಕ್ಕದಲ್ಲಿದ್ದ ಸಂಘದ ಕಾರ್ಯದರ್ಶಿಯ ತೊಡೆ ತಟ್ಟಿ, "ಈಗ ಕೇಳಿ!" ಎಂದು ಸ್ವಿಚ್ಚು ಒತ್ತಿದರು.

"ಅಬ್ಬಬ್ಬಾ!" ಎಂದರು ಕಾರ್ಯದರ್ಶಿ. "ಪರದೆ ಸರಿಸಿದ ಹಾಗಾಯ್ತು ಸಾರ್!"

ಯಜಮಾನರು ಮೊದಲ ಸಾಲಿನಲ್ಲಿದ್ದ ಹೆಂಡತಿಯ ಕಡೆ ತಿರುಗಿ, ಕಿವಿಯ ಹಾಲೆ ಹಿಡಿದು ತೋರಿಸಿದರು. ಆಕೆ ಅವರನ್ನು ನೋಡಿದರು, ಕಾರ್ಯದರ್ಶಿಯನ್ನು ನೋಡಿದರು. ಅಂಗಡಿಗೆ ಬರಿ ಗಾಜಿನ ಗಿರಾಕಿಗಳು ಒಬ್ಬೊಬ್ಬರಾಗಿ ಬರುತ್ತಿದ್ದರು. ಜೋಡಿಯಾಗಿ ಕಂಡದ್ದು ಇದೇ ಮೊದಲು. ಇಪ್ಪತ್ತೆಂಟು ವರ್ಷ ತಡೆದಿಟ್ಟಿದ್ದ ನಗು ಹೊಟ್ಟೆ ಕುಣಿಸಿಕೊಂಡು ಹೊರಗೆ ಬಂತು.

ಕಡೆಗೂ ಇವಳಿಗೆ ನಾದ ತಿಳಿಯಿತಲ್ಲ ಎಂದು ಯಜಮಾನರು ಸಂತೋಷಪಟ್ಟು, ಸ್ವಿಚ್ಚನ್ನು ಇನ್ನೊಮ್ಮೆ ಒತ್ತಿದರು.