ಜೇಬಿನೊಳಗಿನ ಎಡಗೈ

ಮೂಡಿಗೆರೆಯ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನ ಅಟೆಂಡರ್ ಗುರುವಯ್ಯ, ಅಯಸ್ಕಾಂತಗಳ ನಡುವೆ ಉಗುರಿನಷ್ಟು ತೆಳ್ಳನೆಯ ಅರೆವಾಹಕದ ಬಿಲ್ಲೆ ಇಳಿಸುವಾಗ ತಾನೂ ಉಸಿರಾಡುವುದಿಲ್ಲ, ಬೇರೆಯವರನ್ನೂ ಉಸಿರಾಡಗೊಡುವುದಿಲ್ಲ. "ವಾಚು ಬಿಚ್ಚಿಡಿ ಮಾರಾಯ್ರೆ, ಮ್ಯಾಗ್ನೆಟ್ ಎಳೆದು ತಾಗೀತು, ಬಿಲ್ಲೆ ಇರೋದು ಇದೊಂದೇ" ಎಂಬ ಮಾತು ಪ್ರಿನ್ಸಿಪಾಲರಿಗೂ ತಪ್ಪಿದ್ದಲ್ಲ. ಆದರೆ ವೈವಾದ ಬಾಯಿಪ್ರಶ್ನೆ ಶುರುವಾದರೆ ಮಾತ್ರ ಎಡಗೈಯನ್ನು ಜೇಬಿನಲ್ಲಿ ಹುದುಗಿಸಿಕೊಂಡು ಮೂಲೆಯಲ್ಲಿ ನಿಲ್ಲುತ್ತಾನೆ. "ಬಿಲ್ಲೆಯೊಳಗೆ ಹರಿಯೋ ಚಾರ್ಜನ್ನ ಮ್ಯಾಗ್ನೆಟ್ ಯಾವ ಕಡೆ ತಳ್ಳುತ್ತಮ್ಮ?" ಎಂದು ಪರೀಕ್ಷಕರು ಇಂದು ಭವ್ಯಾಳನ್ನು ಕೇಳಿದರು. ಎಡಗೈಯ ಮೂರು ಬೆರಳು ಬಿಡಿಸಿ ತೋರಿಸಿದರೆ ಸಾಕು, ಹೆಬ್ಬೆರಳೇ ದಿಕ್ಕು ಹೇಳುತ್ತದೆ; ಬಲಗೈಯಾದರೆ ಉತ್ತರ ತಿರುಗುಮುರುಗು. ಹುಡುಗಿ ತನ್ನ ಎರಡೂ ಕೈ ನೋಡಿಕೊಂಡಳು, ಗುರುವಯ್ಯನ ಬೆರಳುಗಳು ಜೇಬಿನೊಳಗೇ ಬಿಡಿಸಿಕೊಂಡವು. ಮೂವತ್ತು ವರ್ಷದ ಹಿಂದೆ ಇಲ್ಲೇ ವಿದ್ಯಾರ್ಥಿಯಾಗಿದ್ದಾಗ, ಇದೇ ಮೇಜಿನ ಮುಂದೆ, ಇದೇ ಪ್ರಶ್ನೆಗೆ, ದೊಡ್ಡವರಿಗೆ ಎಡಗೈ ತೋರಿಸುವುದು ಹೇಗೆಂದು ಬಲಗೈ ಎತ್ತಿ ಅವನು ಫೇಲಾಗಿದ್ದ. ಭವ್ಯಾಳ ಬಲಗೈ ಅರ್ಧ ಎದ್ದು ಇಳಿಯಿತು. ಎಡಗೈ ಮೇಲೆದ್ದಿತು. ಗುರುವಯ್ಯ ಉಸಿರು ಬಿಟ್ಟ.