ಹೆಬ್ಬೆರಳಿನ ಗುಳಿ

ಕಾಬೂಲಿನ ಆಡಳಿತ ತಾಲಿಬಾನಿನ ಕೈಗೆ ಹೋದ ಮರುವರ್ಷ, ಅಂದರೆ 2022ರ ಬೇಸಿಗೆ. ಬೈಲಹೊಂಗಲದಲ್ಲಿ ನಾನು ವಾದ್ಯ ರಿಪೇರಿ ಅಂಗಡಿ ಇಟ್ಟು ಆಗಲೇ ಮೂವತ್ತು ವರ್ಷ ದಾಟಿತ್ತು. ನೇಸರಗಿ, ಮುನವಳ್ಳಿ ಕಡೆಯ ಭಜನಾ ಮಂಡಳಿಗಳ ಹಾರ್ಮೋನಿಯಂ, ತಬಲಾ, ತಂಬೂರಿಗಳೇ ನನ್ನ ಸಂಸಾರ ಸಾಗಿಸಿದವು.

ಒಂದು ಮಧ್ಯಾಹ್ನ ಫರ್ಹಾದ್ ಎಂಬ ಅಫ್ಘಾನಿ ಯುವಕ ಬಂದ. ಧಾರವಾಡದಲ್ಲಿ ಕೃಷಿ ಓದುತ್ತಿದ್ದವನು. ಕಂಬಳಿಯಲ್ಲಿ ಸುತ್ತಿ ತಂದದ್ದು ರುಬಾಬ್. ಹಿಪ್ಪುನೇರಳೆ ಮರದ ಒಂದೇ ತುಂಡನ್ನು ಟೊಳ್ಳು ಮಾಡಿ, ಮುಖಕ್ಕೆ ಆಡಿನ ಚರ್ಮ ಬಿಗಿದ ವಾದ್ಯ. ನುಡಿಸುವ ಮುಖ್ಯ ತಂತಿ ಮೂರು; ಪಕ್ಕದ ತರಬ್ ತಂತಿಗಳು ಮುಟ್ಟದೆಯೇ ದನಿಗೂಡುತ್ತವೆ. ಚರ್ಮ ಸೀಳಿತ್ತು.

"ಅಪ್ಪಾಂದು ಐತ್ರಿ ಕಾಕಾ," ಎಂದ, ಹಾಸ್ಟೆಲಿನಲ್ಲಿ ಕಲಿತ ಕನ್ನಡದಲ್ಲಿ. "ಅಲ್ಲಿ ಬಾರಿಸೂದು ಬಂದ್ ಆತು. ಹ್ವಾದ ಚಳಿಗಾಲದಾಗ ಅಪ್ಪಾನೂ ಹ್ವಾದ. ಚರ್ಮ ಅಷ್ಟ ಹಾಕ್ರಿ."

ತಂದೆಯ ಮಣ್ಣಿಗೆ ಹೋಗಲೂ ಅವನಿಗೆ ಆಗಿರಲಿಲ್ಲ. ಓದಲು ಹೊರಟಾಗ ತಂದೆ ಕೈಗಿಟ್ಟ ಈ ರುಬಾಬ್ ಬಿಟ್ಟರೆ ಅವರದೆಂಬುದು ಬೇರೇನೂ ಅವನಲ್ಲಿ ಉಳಿದಿರಲಿಲ್ಲ.

"ಚರ್ಮ ಅಷ್ಟ" ಎಂದದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ಮಿರಜಿನಲ್ಲಿ ನನಗೆ ಕಸಬು ಕಲಿಸಿದ ಉಸ್ತಾದರು, ಹಳೆಯದಾಗಿ ಬಂದ ವಾದ್ಯವನ್ನು ಹೊಸದು ಮಾಡಿಯೇ ಕಳಿಸಬೇಕು ಎನ್ನುತ್ತಿದ್ದರು. ಚರ್ಮ ಹಾಕಿದೆ. ವಾದ್ಯದ ಕತ್ತಿನ ಹಿಂದೆ ಒಂದು ಗುಳಿ ಕಂಡಿತು. ಮರಳು ಕಾಗದದಿಂದ ತಿಕ್ಕಿ, ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ತುಂಬಿ, ಅರಗಿನ ಪಾಲಿಶ್ ಕೊಟ್ಟೆ. ಹೇಳದ ಕೆಲಸ ಮಾಡಿ ಕೊಡುವುದರಲ್ಲಿ ನನಗೆ ಭಾರಿ ಹೆಮ್ಮೆಯಿತ್ತು.

ಹತ್ತು ದಿನ ಬಿಟ್ಟು ಫರ್ಹಾದ್ ಬಂದ. ಹೊಳಪು ನೋಡಿ ನಕ್ಕ, ನಾನು ಹಿಗ್ಗಿದೆ. ತೊಡೆಯ ಮೇಲಿಟ್ಟುಕೊಂಡು ಮೀಟಿದ. ದನಿ ಚೆನ್ನಾಗಿಯೇ ಇತ್ತು. ಆದರೆ ಅವನ ಎಡಗೈ ಹೆಬ್ಬೆರಳು ಕತ್ತಿನ ಹಿಂದೆ ಮೇಲೆ ಕೆಳಗೆ ಹುಡುಕತೊಡಗಿತು. ವಾದ್ಯ ತಿರುಗಿಸಿ ನೋಡಿದ.

"ಕಾಕಾ, ಇಲ್ಲಿ ಅಪ್ಪಾನ ಬೆರಳು ಇತ್ತಲ್ರಿ."

ನಲವತ್ತು ವರ್ಷ ನುಡಿಸಿ ನುಡಿಸಿ ತಂದೆಯ ಹೆಬ್ಬೆರಳು ಸವೆಸಿದ ಜಾಗವಂತೆ ಅದು. ಅಲ್ಲಿಯೇ ಮಗನ ಬೆರಳಿಡಿಸಿ ಅವರು ಕಲಿಸಿದ್ದರಂತೆ.

"ಕೆತ್ತಿ ತಗೀತೇನಿ ತಮ್ಮಾ, ಒಂದ್ ತಾಸು ಕುಂದ್ರು," ಎಂದು ಉಳಿ ಎತ್ತಿಕೊಂಡೆ.

ಅವನು ನನ್ನ ಕೈ ಹಿಡಿದ. "ಬ್ಯಾಡ್ರಿ ಕಾಕಾ. ಅದು ನಿಮ್ಮ ಗುಳಿ ಆಗತೈತ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯದೆ ಕಂಬಳಿ ಸುತ್ತಿಕೊಂಡು ಧಾರವಾಡದ ಬಸ್ಸು ಹತ್ತಿದ. ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ನಾನು ಅತ್ತೆ. ಅವನು ಮತ್ತೆ ಬರಲಿಲ್ಲ.

ಸವೆದದ್ದೆಲ್ಲ ಕೆಟ್ಟದ್ದಲ್ಲ ಎಂದು ಈ ಕಸಬು ನನಗೆ ಕಲಿಸಿತು, ಒಬ್ಬ ಮಗನಿಂದ ಅವನ ತಂದೆಯನ್ನು ಕಸಿದುಕೊಂಡ ಮೇಲೆ. ಈಗ ಯಾರು ವಾದ್ಯ ತಂದರೂ ಮೊದಲು ನುಡಿಸಲು ಹೇಳುತ್ತೇನೆ. ಕೈ ಎಲ್ಲಿ ಕೂರುತ್ತದೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಅಷ್ಟು ಜಾಗ ಬಿಟ್ಟೇ ಕೆಲಸ ಮಾಡುತ್ತೇನೆ. "ಇಲ್ಲಿಷ್ಟು ಹಂಗ ಉಳದೈತಲ್ರಿ, ಮರತ್ರೇನು?" ಎಂದು ಗಿರಾಕಿಗಳು ಕೇಳುತ್ತಾರೆ. ಮರೆತಿಲ್ಲ ಎನ್ನುತ್ತೇನೆ.